ಸಪ್ಪಳಿಲ್ಲದ ಬಂಡಿ

ಅಲ್ಲರೋ, ಬಸ್ಸಿನ ಕಥಿ ಆಮ್ಯಾಲ, ಮೊದ್ಲ ಬಂಡಿದು ಕೇಳ್ರಿ. ನಿಮ್ಮಜ್ಜ ಹೈದರಾಬಾದಿನ್ಯಾಗ ಇಂಜಿನಿಯರಕಿ ಕಲ್ತು ಬಂದವ್ರು. ಯುದ್ಧದಾಗ ಪೆಟ್ರೋಲ್ ಸಿಗವಲ್ದು, ಬಸ್ಸಿನ ಹಿಂದ ಇದ್ದಲಿ ಒಲಿ ಕಟ್ಟಿ, ಅದರ ಗ್ಯಾಸಿನ ಮ್ಯಾಲ ಬೀದರದಿಂದ, ಅಲ್ಲ, ಭಾಲ್ಕಿಯಿಂದ ಬೀದರಕ್ಕ ಓಡಿಸಿದ್ರು! ಆಮ್ಯಾಲ ಭಾಲ್ಕ್ಯಾಗ ಕಬ್ಬಿಣ ಬಡಿಯೂ ಲೋಹಾರ ಕರೀಮನ ಕೂಡ ಕುಂತು, ಮುರುಕು ಬಸ್ಸಿನ ಬೇರಿಂಗ್ ಎತ್ತಿನ ಬಂಡಿಗಿ ಹಾಕಿದ್ರು. ಬೆರಳಿಲೆ ನೂಕಿದ್ರ ಹೋಗ್ತಿತ್ತು, ಒಂದ್ ಚೂರು ಸಪ್ಪಳಿಲ್ಲ. ಖರೆ ಯಾರೂ ತಗೊಳ್ಳಿಲ್ಲ. ಭಾತಂಬ್ರಾದ ಗೌಡ ಅಂದ, "ಗಡಗಡ ಅನ್ನದಿದ್ರ ಅದೆಂಥಾ ಬಂಡಿರಿ ಸಾಹೇಬ್ರ? ನಾ ಬಂದೆ ಅಂತ ಊರಿಗಿ ಹ್ಯಾಂಗ ಗೊತ್ತಾಗ್ಬೇಕು?" ಕರೀಮ ಹೊಟ್ಟಿ ಹಿಡ್ಕೊಂಡು ನಕ್ಕಿದ್ದ.

ಮುಂದ ಪೊಲೀಸ್ ಆ್ಯಕ್ಷನ್ ಆತು, ಸರ್ಕಾರದ ಫೌಜು ಬಂದು ರಜಾಕಾರ್ರ ಆಟ ಮುಗೀತು. ರಜಾಕಾರ್ರು ಇದ್ದಾಗ ನಾವು ಅಂಜಿದ್ವಿ, ಕರೀಮ ನಮ್ಮನ್ನ ತನ್ನ ಮನ್ಯಾಗ ಇಟ್ಕೊಂಡಿದ್ದ. ಈಗ ಅಂಜೂ ಪಾಳಿ ಅವಂದು. ಯಾರೋ ಮಾಡಿದ್ದಕ್ಕ ಯಾರನ್ನೋ ಹುಡುಕ್ಲಿಕ್ಕತ್ತಿದ್ರು ನೋಡ್ರಿ. ಬೀದರದಾಗ ಫೌಜು ಅದ, ಅಲ್ಲಿಗಿ ಮುಟ್ಟಿದ್ರ ಉಳಿದ್ರು. ಅವನ ಹೆಂಡ್ತಿ, ಮಕ್ಕಳ್ನ ಆ ಬಂಡ್ಯಾಗ ಜೋಳದ ಕಣಿಕಿ ಮೇವಿನ ಕೆಳಗ ಮಲಗಿಸಿ, ಮ್ಯಾಲ ನಾ ತವರಿಗಿ ಹೋಗೋಳ್ಹಂಗ ಕುಂತೆ. ಸಪ್ಪಳ ಬ್ಯಾಡಂತ ನಿಮ್ಮಜ್ಜ ಎತ್ತಿನ ಗೆಜ್ಜಿನೂ ಬಿಚ್ಚಿದ್ರು. ನಸುಕಿನ್ಯಾಗ ಊರು ದಾಟೂತನಕ ಹ್ಯಾಂಗೋ ಬಂದ್ವು, ಆಮ್ಯಾಲ ಎತ್ತು ನಿಂತೇ ಬಿಟ್ವು! ಹುಟ್ಟಿದಾಗಿಂದ ಗೆಜ್ಜಿ ಕೇಳ್ತಾ ನಡದ ಎತ್ತು, ಸಪ್ಪಳಿಲ್ದ ಹ್ಯಾಂಗ ನಡೀತಾವ? ಹೊಡದ್ರೂ ಇಲ್ಲ, ಬೇಡ್ಕೊಂಡ್ರೂ ಇಲ್ಲ. ಬಂಡಿ ಹಿಂದ ನಡದು ಬರ್ತಿದ್ದ ಕರೀಮ ಗೆಜ್ಜಿ ಕೈಯಾಗ ಹಿಡದು ಮುಂದ ನಡದ, "ಚಲ್ ಬೇಟಾ, ಚಲ್." ಆಗ ಹೆಜ್ಜಿ ಹಾಕಿದ್ವು. ಅಷ್ಟರಾಗ ದೂರದಿಂದ ಕೊಡ್ಲಿ ಹಿಡದ ಮಂದಿ ಕೂಗು. ಕರೀಮ ಒಮ್ಮೆ ಬಂಡಿ ಕಡೆ ನೋಡ್ದ, ಗೆಜ್ಜಿ ಜೋರಾಗಿ ಬಾರಿಸ್ತಾ ಜೋಳದ ಹೊಲದಾಗ ಓಡ್ದ. ಮಂದಿ ಆ ಸಪ್ಪಳದ ಬೆನ್ನ ಹತ್ತಿದ್ರು. ಗೆಜ್ಜಿ ದೂರಾಗಿ ಎತ್ತು ಮತ್ತ ನಿಂತ್ವು. ನಿಮ್ಮಜ್ಜ ಅವನ್ನ ಬಿಚ್ಚಿ, ನೊಗ ತಮ್ಮ ಹೆಗಲಿಗಿ ಹಚ್ಚಿ ಎಳದ್ರು, ನಾ ಹಿಂದಿಂದ ನೂಕಿದೆ, ಎಳದ್ರು, ನೂಕಿದೆ, ಫೌಜಿನವ್ರು ಎದುರು ಸಿಗೂತನಕ. ಕಣಿಕಿ ಕೆಳಗ ಕರೀಮನ ಹೆಂಡ್ತಿ ಬಾಯಾಗ ಸೆರಗು ತುರ್ಕೊಂಡು ಆ ಗೆಜ್ಜಿ ಸಪ್ಪಳ ಕೇಳ್ತಿದ್ಳು. ಗೆಜ್ಜಿ ನಿಂತದ್ದೂ ಕೇಳಿದ್ಳು. ಕರೀಮ ಬರ್ಲೇ ಇಲ್ಲ.

ಮುಂದ ಸರ್ಕಾರದ ದೊಡ್ಡ ಸಾಹೇಬ ಬಂದು, "ಈ ಬಂಡಿ ಔರಾದಕ್ಕ, ಸಂತಪುರಕ್ಕ, ಎಲ್ಲಾ ಕಡಿ ಮಾಡಿ ಕೊಡ್ರಿ, ದೊಡ್ಡ ಹೆಸರಾಗ್ತದ" ಅಂದ. ನಿಮ್ಮಜ್ಜ ಅಂದ್ರು, "ಮಾಡಿದವ್ರು ಇಬ್ರಿದ್ವಿರಿ. ಈಗ ನಾ ಒಬ್ಬನೇ ಇದ್ದೀನಿ." ನೌಕರಿ ಮುಗಿಯೂತನಕ ಬೀದರದಾಗ ಬಸ್ ರಿಪೇರಿ ಮಾಡಿದ್ರು, ಹೊಸಾದು ಒಂದೂ ಮಾಡ್ಲಿಲ್ಲ. ಕೂಡಿ ದುಡದವ್ನು ಹೋದ ಮ್ಯಾಲ ಕೈ ಇದ್ದೂ ಇಲ್ಲದಂಗ. ಜೋಡಿ ಇರೂತನಕ ಜಗಳಾಡ್ಬ್ಯಾಡ್ರಿ. ಏಳ್ರಿ, ರೊಟ್ಟಿ ಆರ್ಲಿಕ್ಕತ್ಯಾವ.