ಕೀಳಲು ಒಪ್ಪದ ಪ್ರಭಾವತಿ ಡಾಕ್ಟ್ರು

ಸಭೆಯಲ್ಲಿರುವ ಹಿರಿಯರೇ, ದಂತವೈದ್ಯ ಮಿತ್ರರೇ, ಊರಿನವರೇ — ಮತ್ತು ಎಲ್ಲರಿಗಿಂತ ಮೊದಲು ಹೆಸರು ಹೇಳಬೇಕಾಗಿದ್ದ ತಾರಾನಾಥರೇ, ನಿಮಗೆ ನಮಸ್ಕಾರ. ಹೆಂಡತಿ ಪ್ರಭಾವತಿಯವರನ್ನು ಕಳೆದುಕೊಂಡ ದುಃಖದಲ್ಲಿ ನಮ್ಮ ಭಾಷಣಗಳನ್ನೂ ಸಹಿಸಿಕೊಂಡು ಕೂತಿದ್ದೀರಿ. ಇನ್ನು ಸ್ವಲ್ಪ ಸಹಿಸಿ.

ನಾನು ಲೂಯಿಸ್. ಇದೇ ಕಾರ್ಕಳ ಪೇಟೆಯಲ್ಲಿ ಡಾಕ್ಟರ್ ಪ್ರಭಾವತಿಯವರೂ ನಾನೂ ಒಂದೇ ಕ್ಲಿನಿಕ್ಕಿನಲ್ಲಿ ಎರಡು ಕುರ್ಚಿ ಹಾಕಿಕೊಂಡು ಹತ್ತು ವರ್ಷ ಹಲ್ಲು ನೋಡಿದವರು.

ನನಗಿಂತ ಮೊದಲು ಮಾತಾಡಿದವರೆಲ್ಲ "ತುಂಬಲಾರದ ನಷ್ಟ" ಎಂದರು. ಹೌದಾ? ಆ ಹೆಂಗಸು ಬದುಕಿದ್ದಾಗ ಹಲ್ಲು ತುಂಬಲು ಕೂತರೆ, "ಹುಳುಕು ಹಲ್ಲಿಗೆ ಎಂತ ಇಷ್ಟು ಉಪಚಾರ, ಕಿತ್ತು ಬಿಸಾಡಿ" ಎಂದು ನಕ್ಕವರು ಯಾರು? ಇವರೇ. ಇದೇ ಬಾಯಿಗಳು.

ಕೀಳುವುದಕ್ಕೆ ಎಂತ ಬೇಕು? ಒಂದು ಇಕ್ಕಳ, ಒಂದು ಗಟ್ಟಿ ಮೊಣಕೈ. ಅದಕ್ಕೆ ಕಾಲೇಜಿಗೆ ಹೋಗಬೇಕಾ?

ಎಪ್ಪತ್ತೆಂಟನೇ ಇಸವಿಯಲ್ಲಿ ಬೆಳ್ಮಣ್ಣಿನಿಂದ ಡೊಮಿನಿಕ್ ಬಂದ. ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವ. ಸೈಕಲಿನಿಂದ ಬಿದ್ದು ಮೇಲಿನ ಮುಂದಿನ ಹಲ್ಲು ಅರ್ಧಕ್ಕೆ ಮುರಿದಿತ್ತು. ಅವನು ಮೊದಲು ಹೋದದ್ದು ಕಟಪಾಡಿಗೆ, ನಮ್ಮ ದಂತವೈದ್ಯರ ಸಂಘದ ಅಧ್ಯಕ್ಷ ಡಾಕ್ಟರ್ ಭುಜಂಗನ ಹತ್ತಿರ. ಇಗೊಳ್ಳಿ — ಇಲ್ಲೇ, ಹಾರ ಹಾಕಿದ ಫೋಟೋದ ಪಕ್ಕದಲ್ಲೇ ಕೂತಿದ್ದಾನೆ. ಭುಜಂಗ ಹೇಳಿದ್ದು ಇಷ್ಟೇ: "ಕೀಳುವ. ಪ್ಲಾಸ್ಟಿಕ್ ಹಲ್ಲು ಇಡುವ. ಊದಲಿಕ್ಕೆ ಆಗದಿದ್ದರೆ ಡ್ರಮ್ ಬಾರಿಸು."

ಡ್ರಮ್ ಬಾರಿಸಬೇಕಂತೆ! ಟ್ರಂಪೆಟ್ ತುಟಿಗೆ ಒತ್ತಿ ಊದುವಾಗ ತುಟಿಯ ಹಿಂದೆ ಹಲ್ಲು ಗಟ್ಟಿಯಾಗಿ ನಿಲ್ಲಬೇಕು. ತೆಗೆದು ಹಾಕುವ ಹಲ್ಲು ಅಲುಗಾಡಿತೋ, ಸ್ವರ ಹೋಯಿತು. ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ನಮ್ಮ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟ.

ಪ್ರಭಾವತಿಯವರು ಹಲ್ಲನ್ನು ಮುಟ್ಟಿ, ಅಲುಗಿಸಿ ನೋಡಿದರು. "ಬೇರು ಗಟ್ಟಿ ಉಂಟು. ಗಟ್ಟಿ ಇರುವುದನ್ನು ನಾನು ಕೀಳುವುದಿಲ್ಲ" ಎಂದರು. ಬೇರಿನೊಳಗಿನ ನರ ತೆಗೆದರು, ತೊಳೆದರು, ಔಷಧ ಇಟ್ಟರು, ತುಂಬಿದರು. ಒಳಗೆ ಸಣ್ಣ ಲೋಹದ ಕಡ್ಡಿ ಕೂರಿಸಿ ಅದರ ಮೇಲೆ ಹಲ್ಲಿನ ಬಣ್ಣದ ಕ್ಯಾಪ್ ಹಾಕಿದರು. ಅಷ್ಟಕ್ಕೆ ಅವನು ವಾರ ವಾರ ಬಸ್ಸು ಹತ್ತಿ ಬಂದ.

ಆಮೇಲೆ ಕಾಪುವಿನಲ್ಲಿ ಒಂದು ಮದುವೆ. ಇಗರ್ಜಿಯಿಂದ ಮದುಮಕ್ಕಳು ಹೊರಗೆ ಬರುತ್ತಿದ್ದಾರೆ. ಡೊಮಿನಿಕ್ ಟ್ರಂಪೆಟ್ ಎತ್ತಿದ — ಹೀಗೆ — ಊದಿದ. ಕ್ಯಾಪ್ ಕಳಚಿ ನಾಲಿಗೆಯ ಮೇಲೆ ಬಿತ್ತು. ಸ್ವರವಿಲ್ಲ, ಬರೀ ಗಾಳಿ. ಪಾಪ, ಅಂಗೈಗೆ ಉಗಿದುಕೊಂಡ. ನೆಂಟನಾಗಿ ಬಂದಿದ್ದ ನಮ್ಮ ಭುಜಂಗ ಎಲ್ಲರಿಗೂ ಕೇಳುವ ಹಾಗೆ, "ಮದುಮಗಳಿಗಿಂತ ಮೊದಲು ಪ್ರಭಾವತಿಯ ಹಲ್ಲು ಹೊರಟಿತು ಮಾರಾಯ್ರೆ!" ಎಂದ. ಇಡೀ ಅಂಗಳ ನಕ್ಕಿತು.

ಅಷ್ಟಕ್ಕೆ ಬಿಟ್ಟನಾ? ಇಲ್ಲ. ಉಡುಪಿಯಲ್ಲಿ ಸಂಘದ ಸಭೆ ಕರೆದು, "ಈ ಪ್ರಯೋಗಗಳೆಲ್ಲ ಸಾಕು, ನಮ್ಮೆಲ್ಲರ ಹೆಸರು ಹೋಗ್ತದೆ" ಎಂದ. ನೀವೆಲ್ಲ ತಲೆಯಾಡಿಸಿದಿರಿ. ಪ್ರಭಾವತಿಯವರು ಎದ್ದು ನಿಂತರು. "ಕ್ಯಾಪ್ ಬಿಟ್ಟಿತು, ಬೇರು ಬಿಡಲಿಲ್ಲ. ತಪ್ಪು ನನ್ನದು, ಹಲ್ಲಿನದ್ದಲ್ಲ. ಸರಿ ಮಾಡ್ತೇನೆ." ಅಷ್ಟೇ. ಕೂತರು.

ಮುಂದಿನ ಆದಿತ್ಯವಾರ ಡೊಮಿನಿಕ್‌ನನ್ನು ಟ್ರಂಪೆಟ್ ಸಮೇತ ಕರೆಸಿದರು. ಕ್ಯಾಪನ್ನು ತಾತ್ಕಾಲಿಕವಾಗಿ ಕೂರಿಸಿ, "ಊದು" ಎಂದರು.

"ಇಲ್ಲಿಯಾ, ಡಾಕ್ಟ್ರೇ?"

"ಮತ್ತೆಲ್ಲಿ?"

ಊದಿದ. ಪೇಟೆಯವರು ಕಿಟಕಿಯಲ್ಲಿ ಇಣುಕಿ, "ಎಂತ, ಡಾಕ್ಟ್ರಲ್ಲಿ ಮದುವೆಯಾ?" ಎಂದು ಕೇಳಿದರು. ಇವರು ಕಿವಿಗೆ ಹಾಕಿಕೊಳ್ಳದೆ ಅವನ ತುಟಿ ಮಗುಚಿ ನೋಡಿದರು. ಒಳಗೆ ಒಂದೇ ಕಡೆ ಕೆಂಪಾಗಿತ್ತು. ಕ್ಯಾಪ್ ಪಕ್ಕದ ಹಲ್ಲಿಗಿಂತ ಒಂದು ಕೂದಲೆಳೆ ಮುಂದೆ ನಿಂತಿತ್ತು, ಒತ್ತಡವೆಲ್ಲ ಅದರ ಮೇಲೆ. ಕಡ್ಡಿ ಉದ್ದದ್ದು ಮಾಡಿದರು, ಕ್ಯಾಪ್ ಹೊಸದು ಮಾಡಿದರು, ಮತ್ತೆ ಊದಿಸಿದರು, ಉಜ್ಜಿದರು, ಮತ್ತೆ ಊದಿಸಿದರು. ಅವನ ಮುಖದಲ್ಲಿ ನಗು ಬಂದ ಮೇಲೆಯೇ ಖಾಯಂ ಆಗಿ ಕೂರಿಸಿದ್ದು.

ಈಗ ಎಂಬತ್ತಾರನೇ ಇಸವಿ. ಆ ಹಲ್ಲು ಇವತ್ತಿಗೂ ಉಂಟು. ಅವನು ಇವತ್ತಿಗೂ ಊದುತ್ತಾನೆ.

ಇನ್ನೊಂದು ಮಾತು. ಭುಜಂಗನ ಮಗಳು ಮನೋರಮಾ ಶಾಲೆಯ ಮೆಟ್ಟಿಲಲ್ಲಿ ಬಿದ್ದು ಹಲ್ಲು ಮುರಿದುಕೊಂಡಾಗ ಅವನ ಇಕ್ಕಳ ಎಲ್ಲಿ ಹೋಗಿತ್ತು? ಕಟಪಾಡಿಯಿಂದ ಕಾರು ಮಾಡಿಕೊಂಡು ಕಾರ್ಕಳಕ್ಕೆ ಬಂದ. "ಕೀಳುವುದು ಬೇಡ, ಪ್ರಭಾವತಿಯವರೇ" ಎಂದ. ನಾನು ಪಕ್ಕದ ಕುರ್ಚಿಯಲ್ಲಿ ಕಾದೆ — ಈಗ ಹೇಳುತ್ತಾರೆ, ಈಗ ಚೆನ್ನಾಗಿ ಹೇಳುತ್ತಾರೆ ಎಂದು. ಅವರು ಹೇಳಿದ್ದು ಹುಡುಗಿಗೆ ಮಾತ್ರ: "ಬಾಯಿ ತೆಗೆ, ಮಗಾ. ನೋವಾದರೆ ಕೈ ಎತ್ತು."

ಅವರು ಬಿಟ್ಟರು. ನಾನು ಬಿಡುವವನಲ್ಲ. ಆಮೇಲಾದರೂ ಈ ಮನುಷ್ಯ ಸಂಘದಲ್ಲಿ ಎದ್ದು ಒಂದು ಮಾತು ಹೇಳಿದನಾ? ಇವತ್ತು ಹೇಳುತ್ತಾನೆ, ಮೈಕಿನಲ್ಲಿ — ಕೇಳಬೇಕಾದವರು ಹೋದ ಮೇಲೆ.

ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಲು ಹೋದಾಗ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ಆದರೂ, "ಅಜೆಕಾರಿನ ಆನಿಬಾಯಿಯ ದವಡೆ ಹಲ್ಲು ಅರ್ಧಕ್ಕೆ ನಿಂತಿದೆ, ಲೂಯಿಸ್. ಅವಸರ ಮಾಡಿ ಕೀಳಬೇಡಿ" ಎಂದರು.

ಕೀಳಲಿಲ್ಲ. ನಿನ್ನೆ ತುಂಬಿ ಮುಗಿಸಿದೆ. — ಅದನ್ನು ಅವರಿಗೆ ತೋರಿಸಲು ಪಕ್ಕದ ಕುರ್ಚಿಯ ಕಡೆ ತಿರುಗಿದೆ.

ಸಾಕು. ತಾರಾನಾಥರೇ, ನೀವು ಕೂತೇ ಇರಿ, ನಿಮಗೆ ಆಯಾಸ ಆಗಿದೆ. ಉಳಿದವರು ದಯವಿಟ್ಟು ಎದ್ದು ನಿಲ್ಲಿ, ಅವರಿಗಾಗಿ ಸ್ವಲ್ಪ ಹೊತ್ತು ಮೌನವಾಗಿರುವ. ಹಿಂದಿನ ಸಾಲಿನವರೂ. ವೇದಿಕೆಯಲ್ಲಿರುವವರೂ.

ಭುಜಂಗ, ಕುರ್ಚಿ ಹಿಂದಕ್ಕೆ ತಳ್ಳು ಮಾರಾಯ. ನೀನೂ ಏಳು.