ಗಿರಣಿ ಗೋಡೆಯ ಗಾಜಿನ ಪಟ್ಟಿ

ನಬಿಸಾಬ ತಂದೆ ಮೌಲಾಸಾಬ ನದಾಫ, ಉದ್ಯೋಗ ಹತ್ತಿ ಹಿಂಜಿ ಗಾದಿ ತುಂಬುವುದು, ಸಾಕಿನ್ ಹಮ್ಮಿಗಿ, ತಾಲೂಕು ಮುಂಡರಗಿ, ಜಿಲ್ಲೆ ಧಾರವಾಡ. ವಯಸ್ಸು ರೇಷನ್ ಕಾರ್ಡಿನಲ್ಲಿ ಅರವತ್ತನಾಲ್ಕು, ಹೆಂಡತಿಯ ಲೆಕ್ಕದಲ್ಲಿ ಎಪ್ಪತ್ತು, ಬುದ್ಧಿಯಲ್ಲಿ ಹದಿನಾರು. ಒಂದನ್ನೇ ಹೇಳು ಎಂದು ಹೆಡ್ ಕಾನ್‌ಸ್ಟೇಬಲ್ ಹುಲಗಪ್ಪನವರು ಗದರಿದ್ದರಿಂದ ಅರವತ್ತನಾಲ್ಕು ಎಂದು ಬರೆಸಿದ್ದೇನೆ. ನಮ್ಮೂರ ಹಿಟ್ಟಿನ ಗಿರಣಿಯ ಮಾಲೀಕ ಅಂದಪ್ಪನವರು, ತಮ್ಮ ಗಿರಣಿಯ ಪಡುವಣ ಗೋಡೆಯನ್ನು ನಾನು ಬೇಕೆಂದೇ ಕೆಡವಿದ್ದೇನೆ ಎಂದು ದೂರು ಕೊಟ್ಟಿದ್ದಾರೆ. ಅದರ ಬಗ್ಗೆ ವಿಚಾರಿಸಿದ್ದರಿಂದ ಈ ಮೂಲಕ ತಿಳಿಸುವುದೇನೆಂದರೆ:

ದೂರಿನಲ್ಲಿ ಮೊದಲಿಗೆ ಬರೆಸಿರುವ ಹೋಳಿಯ ಸಂಗತಿ ನಿಜ. ಇದೇ 1981ರ ಹೋಳಿ ಹುಣ್ಣಿಮೆಗೆ ಎರಡು ದಿನ ಮುಂಚೆ, ಮುಂಜಾನೆ ಹತ್ತು ಗಂಟೆಯ ಸುಮಾರಿಗೆ, ಗಿರಣಿಯ ಹಿಂದೆ ನಿಂತು "ಗೋಡಿ ಬಿತ್ತೋ, ಓಡ್ರೋ!" ಎಂದು ಕೂಗಿದವನು ನಾನೇ. ಕೂಗುವ ಮೊದಲು ಹತ್ತಿ ಹಿಂಜುವ ಬಿಲ್ಲನ್ನು ಗೋಡೆಗೆ ಆನಿಸಿ ಅದರ ದಾರವನ್ನು ಜೋರಾಗಿ ಬಡಿದೆ, ಗೋಡೆ ಗುಡುಗಿದಂತಾಯಿತು. ಒಳಗೆ ಹಿಟ್ಟಿಗಾಗಿ ಕಾದು ಕುಳಿತಿದ್ದ ಹೆಂಗಸರೆಲ್ಲ ಒಂದೇ ಬಾಗಿಲಿನಲ್ಲಿ ಹೊರಬಿದ್ದರು. ಸಾವಂತ್ರೆವ್ವನ ಬುಟ್ಟಿ ಚೆಲ್ಲಿ ಜೋಳದ ಹಿಟ್ಟು ರಸ್ತೆಯ ಪಾಲಾಯಿತು. ಗೋಡೆ ಬಿದ್ದಿರಲಿಲ್ಲ. ನಾನು ನಗುತ್ತಿದ್ದೆ. ಅವರು ನಗಲಿಲ್ಲ. ಆ ಹೆಂಗಸರಲ್ಲಿ ನನ್ನ ಹೆಂಡತಿ ಗುಲಾಬಬಿಯೂ ಇದ್ದಳು. ಅವಳಿಗೆ ಮೊಣಕಾಲು ನೋವು. ಆ ಓಟದ ನಂತರ ಮೂರು ದಿನ ಹಾಸಿಗೆಯಿಂದ ಏಳಲಿಲ್ಲ. ನಾನು ಊರ ಮುಂದೆ ತಪ್ಪಾಯಿತು ಎಂದೆ, ಸಾವಂತ್ರೆವ್ವನಿಗೆ ನಮ್ಮ ಮನೆಯ ಹಿಟ್ಟು ಕೊಟ್ಟೆ. ಅವಳು ಹಿಟ್ಟು ತೆಗೆದುಕೊಂಡು, "ಇನ್ನ ಮ್ಯಾಲೆ ನೀ ಖರೇನ ಸತ್ತಿ ಅಂದ್ರೂ ನಾ ನೋಡಾಕ ಬರೂದಿಲ್ಲ, ಮುದುಕಾ" ಎಂದಳು.

ಆ ತಮಾಷೆ ನನಗೆ ಹೊಳೆಯಲು ಕಾರಣ, ಹಿಂದಿನ ದಿನ ಆ ಗೋಡೆಗೆ ಗಾಜಿನ ಪಟ್ಟಿ ಹಚ್ಚಿದ್ದು. ಹಚ್ಚಿದವರು ಕೊಟ್ರಪ್ಪ ಎಂಬ ತರುಣರು, ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವರು. ನಮ್ಮ ಎರೆ ಮಣ್ಣಿನ ಮೇಲೆ ಸಂಶೋಧನೆ ಮಾಡುತ್ತಿದ್ದರು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರ ಮೇಲೆ ಕಟ್ಟಿದ ಮನೆಗಳು ಎಷ್ಟು ಏಳುತ್ತವೆ, ಎಷ್ಟು ಇಳಿಯುತ್ತವೆ, ಎಲ್ಲಿಗೆ ಬಂದರೆ ಬೀಳುತ್ತವೆ ಎಂಬುದನ್ನು ಅವರು ಕಂಡುಹಿಡಿಯಬೇಕಿತ್ತು. ಗಿರಣಿಯ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ನೆಲದವರೆಗೆ ಬಿರುಕು ಇತ್ತು. ಅದರ ಪಕ್ಕದಲ್ಲಿ ತಗ್ಗು ತೋಡಿ ಡಬ್ಬಿಯಲ್ಲಿ ಮಣ್ಣು ತುಂಬಿಕೊಂಡರು. ಬಿರುಕಿನ ಮೇಲೆ ಅಡ್ಡಲಾಗಿ ಮೂರು ಕಡೆ ತೆಳು ಗಾಜಿನ ಪಟ್ಟಿಗಳನ್ನು ಬಿಳಿ ಸಿಮೆಂಟಿನಿಂದ ಅಂಟಿಸಿ, ಪ್ರತಿಯೊಂದರ ಮೇಲೆ ತಾರೀಖು ಗೀರಿದರು.

ನಾನು, "ಏನ್ ಕೊಟ್ರಪ್ಪಾ ನಮ್ಮೂರಿಗೆ?" ಎಂದು ಕೇಳಿದೆ.

"ಗಾಜು ಕೊಟ್ಟೀನಿ ಅಜ್ಜಾ" ಎಂದರು.

"ಕಾಜು ಕೊಟ್ಟಿದ್ರ ತಿಂತಿದ್ವಿ."

ಅವರು ನಕ್ಕರು. ಒಳ್ಳೆಯ ಮನುಷ್ಯರು. ಗೋಡೆ ಕೂದಲೆಳೆಯಷ್ಟು ಸರಿದರೂ ಈ ಗಾಜು ಒಡೆಯುತ್ತದೆ, ಒಡೆದರೆ ಗೋಡೆ ನಡೆಯುತ್ತಿದೆ ಎಂದು ಅರ್ಥ, ಹೀಗೆಂದು ನನಗೆ ಬಿಡಿಸಿ ಹೇಳಿದರು. ಆದರೆ ಬಸ್ಸು ಹಾರ್ನ್ ಹೊಡೆದಾಗ ಅಂದಪ್ಪನವರಿಗೆ ಅವಸರದಲ್ಲಿ ಹೇಳಿದ್ದು ಇಷ್ಟೇ: "ಇವು ನಿಮಗ ಒಪ್ಪಿಸೀನಿ ನೋಡ್ರಿ ಅಂದಪ್ಪಾರ. ಒಡೀದಂಗ ಜ್ವಾಕಿ." ಅಂದಪ್ಪನವರು ಎರಡೂ ಕೈ ಎದೆಗೆ ಹಚ್ಚಿ, "ಕಣ್ಣಾಗ ಇಟ್ಕೋತೀನ್ರಿ" ಎಂದರು.

ಅಂದಪ್ಪನವರ ಬಗ್ಗೆ ಒಂದು ಮಾತು ಬರೆದುಕೊಳ್ಳಬೇಕು. ಅವರ ಮನೆತನದಲ್ಲಿ, ಒಪ್ಪಿಸಿದ ವಸ್ತು ಮುಕ್ಕಾಗಿ ಹಿಂದಿರುಗಬಾರದು. ಒಮ್ಮೆ ಕುಂಬಾರನೊಬ್ಬ ಸಂತೆಗೆ ಹೋಗುವಾಗ ಗಿರಣಿಯಲ್ಲಿ ಗಡಿಗೆ ಇಟ್ಟು ಹೋಗಿದ್ದ. ಆಡು ಹಾಯ್ದು ಒಂದು ಒಡೆಯಿತು. ಅಂದಪ್ಪನವರು ಅಂಥದೇ ಗಡಿಗೆಯನ್ನು ಹುಡುಕಿ ತಂದು ಅಲ್ಲಿಯೇ ಇಟ್ಟರು. ಕುಂಬಾರನಿಗೆ ಇವತ್ತಿಗೂ ಗೊತ್ತಿಲ್ಲ. ನಾನು ಅವರ ಮೇಲೆ ದ್ವೇಷದಿಂದ ಹೇಳುತ್ತಿಲ್ಲ.

ಗಾಜು ಹಚ್ಚುವ ಮೊದಲು ಹೆಂಗಸರು ಬಿರುಕಿಗೆ ಹೆದರಿ ಆ ಗೋಡೆಯಿಂದ ದೂರ ಕುಳಿತುಕೊಳ್ಳುತ್ತಿದ್ದರು. ಹಚ್ಚಿದ ಮೇಲೆ, ಎಲುಬು ಮುರಿದವರಿಗೆ ಬಿದಿರ ಪಟ್ಟಿ ಕಟ್ಟುವಂತೆ ಇಂಜಿನಿಯರರು ಗೋಡೆಗೆ ಪಟ್ಟಿ ಕಟ್ಟಿದ್ದಾರೆ, ಇನ್ನು ಬೀಳುವುದಿಲ್ಲ ಎಂದುಕೊಂಡು ಗೋಡೆಗೇ ಬೆನ್ನು ಹಚ್ಚಿ ಕುಳಿತರು. ಕಿಟಕಿ ಇರುವುದರಿಂದ ಅಲ್ಲಿ ಗಾಳಿ ಬರುತ್ತದೆ. ನನ್ನ ಹೆಂಡತಿಯ ಜಾಗ ಕಿಟಕಿಯ ಕೆಳಗೆ. ಅವಳು ಏಳುವಾಗ ಗೋಡೆಯನ್ನು ಹಿಡಿದೇ ಏಳುತ್ತಾಳೆ.

ಆಗಸ್ಟ್ ತಿಂಗಳಲ್ಲಿ ನಾಲ್ಕು ದಿನ ಸತತ ಮಳೆಯಾಯಿತು. ಮಳೆ ನಿಂತ ಮರುದಿನ ನಾನು ಜೋಳ ಬೀಸಿಸಲು ಹೋಗಿ ಆ ಗೋಡೆಗೆ ಒರಗಿದ್ದೆ. ಕಿವಿಯ ಹತ್ತಿರ ಟಿಕ್ ಎಂದಿತು. ತಿರುಗಿ ನೋಡಿದರೆ ನಡುವಿನ ಗಾಜು ಎರಡು ತುಂಡಾಗಿತ್ತು. ಅದರ ಹತ್ತಿರ ಯಾರ ಕೈಯೂ ಇರಲಿಲ್ಲ, ನನ್ನದೂ ಇರಲಿಲ್ಲ. ಅಂದಪ್ಪನವರನ್ನು ಕರೆದು ತೋರಿಸಿದೆ. ಅವರ ಮುಖ ಹಿಟ್ಟಿನಂತಾಯಿತು. "ಕಾಕಾ, ಯಾರ ಮುಂದೂ ಅನಬ್ಯಾಡ. ನಾ ನೋಡ್ಕೋತೀನಿ" ಎಂದರು. ಕೊಟ್ರಪ್ಪನವರಿಗೆ ಖಬರು ಕಳಿಸುತ್ತಾರೆ ಎಂದು ನಾನು ತಿಳಿದೆ.

ನಂತರದ ಸೋಮವಾರ ಗಾದಿ ಬಟ್ಟೆ ಕೊಳ್ಳಲು ಮುಂಡರಗಿಗೆ ಬಂದಿದ್ದೆ. ಫೋಟೋಕ್ಕೆ ಕಟ್ಟು ಹಾಕುವ ಅಂಗಡಿಯಲ್ಲಿ ಅಂದಪ್ಪನವರು ಗಾಜು ಕೊಯ್ಯಿಸುತ್ತಿದ್ದರು. ಯಾವ ದೇವರಿಗೆ ಎಂದು ಕೇಳಿದರೆ ಗಾಜನ್ನು ಚೀಲಕ್ಕೆ ಹಾಕಿಕೊಂಡು ಹೊರಟರು. ಬುಧವಾರ ಗಿರಣಿಯಲ್ಲಿ ಮೂರೂ ಗಾಜು ಇಡಿಯಾಗಿದ್ದವು. ನಡುವಿನದರ ಮೇಲೆ ಮೊಳೆಯಿಂದ ಮಾರ್ಚ್ ತಿಂಗಳ ತಾರೀಖನ್ನೇ ಗೀರಲಾಗಿತ್ತು.

ಸೆಪ್ಟೆಂಬರ್ ಮೊದಲ ವಾರ ಕೊಟ್ರಪ್ಪನವರು ಬಂದಾಗ ನಾನು ಎಲ್ಲವನ್ನೂ ಹೇಳಿದೆ. ಅವರು ಗಾಜು ನೋಡಿದರು, ತಾರೀಖು ನೋಡಿದರು, ಅಂದಪ್ಪನವರನ್ನು ನೋಡಿದರು.

"ಒಂದೂ ಒಡದಿಲ್ರಿ. ನೀವು ಕೊಟ್ಟಂಗ ಅದಾವು" ಎಂದರು ಅಂದಪ್ಪನವರು.

ಹಿಟ್ಟು ಜರಡಿ ಹಿಡಿಯುತ್ತಿದ್ದ ಸಾವಂತ್ರೆವ್ವ, "ಸಾಹೇಬ್ರ, ಇವ ಹತ್ತಿಗಿಂತ ಮಂದೀನ್ನ ಜಾಸ್ತಿ ಹಿಂಜತಾನ್ರಿ" ಎಂದು ಹೋಳಿಯ ಸಂಗತಿಯನ್ನು ಬಿಲ್ಲಿನ ಸಮೇತ ಹೇಳಿದಳು. ಕೊಟ್ರಪ್ಪನವರು ಬಹಳ ನಕ್ಕರು. ನನ್ನ ಭುಜ ತಟ್ಟಿ, "ಅಜ್ಜಾ, ನಾ ಓಡೂದಿಲ್ಲ ನೋಡು" ಎಂದರು. ಗೋಡೆ ಸರಿದಿಲ್ಲ, ಈ ಮಳೆಗಾಲ ಅಡ್ಡಿಯಿಲ್ಲ ಎಂದು ಬರೆದುಕೊಂಡು ಹೋದರು.

ಅಕ್ಟೋಬರ್ ತಿಂಗಳಲ್ಲಿ ಹಸ್ತ ಮಳೆ ಜೋರಾಯಿತು. ಬನ್ನಿ ಹಬ್ಬ, ಬಕ್ರೀದ್ ಒಂದೇ ವಾರದಲ್ಲಿ ಬಂದದ್ದರಿಂದ ಗಿರಣಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಗಾಜು ಒಡೆಯುವುದು, ಅಂದಪ್ಪನವರು ಯಾರೂ ಬರುವ ಮುಂಚೆ ಬದಲಿಸುವುದು ನಡೆದೇ ಇತ್ತು. ಆಯುಧಗಳನ್ನು ಪೂಜಿಸುವ ಖಂಡೇ ಪೂಜೆಯ ದಿನ ಇಂಜಿನಿಗೆ ಹಚ್ಚಿದ ವಿಭೂತಿಯನ್ನು ಹೊಸ ಗಾಜುಗಳಿಗೂ ಹಚ್ಚಿದ್ದರು. ಹಬ್ಬ ಮುಗಿದು ಶನಿವಾರ ನೋಡಿದಾಗ ಗಾಜು ಒಡೆದು ವಿಭೂತಿಯ ನಡುಗೆರೆ ಎರಡು ತುಂಡಾಗಿತ್ತು. ಬಿರುಕಿಗೆ ಕಣ್ಣು ಹಚ್ಚಿದರೆ ಆಚೆ ಬದಿ ಕಟ್ಟಿದ ಎಮ್ಮೆ ಕಾಣಿಸಿತು.

ಎಮ್ಮೆ ಸಾವಂತ್ರೆವ್ವನದು. ಗೋಡೆಯೊಳಗಿಂದ ನಿನ್ನ ಎಮ್ಮೆ ಕಾಣುತ್ತಿದೆ ಎಂದು ಅವಳಿಗೇ ಹೋಗಿ ಹೇಳಿದೆ. ಕಣ್ಣು ಹಾಕಬೇಡ, ಈಗಷ್ಟೇ ಹಾಲು ಹಿಂಡಲು ಬಿಟ್ಟಿದೆ ಎಂದಳು. ಪಂಚಾಯತಿಯವರ ಹತ್ತಿರ ಹೋದೆ, ದೀಪಾವಳಿ ಆಗಲಿ ನೋಡೋಣ ಎಂದರು. ಕೊಟ್ರಪ್ಪನವರು ಬಂದು ಹೋಗುವ ಗದಗ ಬಸ್ಸಿನ ಕಂಡಕ್ಟರ್ ಮಾಶಾಕನಿಗೆ, ಅವರಿಗೊಂದು ಖಬರು ಮುಟ್ಟಿಸು ಎಂದು ಕೈ ಮುಗಿದೆ. ಮಾಶಾಕ ಹೇಳಿದ್ದು: "ನಿನ್ನ ಹೆಸರು ಹೇಳಿದ್ರ ಅವ್ರು ಬರೂದಿಲ್ಲ. ಹೇಳದಿದ್ರ ಯಾರ ಖಬರು ಅಂತ ಕೇಳ್ತಾರ. ನಾ ಏನ್ ಮಾಡ್ಲಿ ಕಾಕಾ?"

ಭಾನುವಾರ ಮಧ್ಯಾಹ್ನ ಊಟಕ್ಕೆ ಕುಳಿತಾಗ ಗುಲಾಬಬಿಗೆ, ಗಿರಣಿಗೆ ಹೋದರೂ ಕಿಟಕಿಯ ಕೆಳಗೆ ಕುಳಿತುಕೊಳ್ಳಬೇಡ ಎಂದೆ. ಅವಳು ರೊಟ್ಟಿ ಮುರಿಯುತ್ತಾ, "ಹೋಳಿ ಮುಂದ ಓಡೀನಲ್ಲ, ಸಾಕು. ಇನ್ನೊಮ್ಮೆ ಓಡಂಗಿಲ್ಲ ನಾ" ಎಂದಳು. ಆಣೆ ಮಾಡಿದೆ. ಆಣೆಗಳನ್ನೂ ನಾನು ತಮಾಷೆಗೆ ಬಹಳ ಮಾಡಿದ್ದೇನೆ ಎಂದು ನೆನಪಿಸಿದಳು.

ಸೋಮವಾರ ಮುಂಜಾನೆ, ಇಂಜಿನಿನಿಂದ ಬೀಸುವ ಕಲ್ಲಿಗೆ ಹಾಕುವ ಪಟ್ಟಾ ಗಿರಣಿಯಲ್ಲಿ ಇರಲಿಲ್ಲ. ಹೆಂಗಸರು ಬುಟ್ಟಿ ಹೊತ್ತು ಬೈಯುತ್ತಾ ಮನೆಗೆ ಹೋದರು. ಅಂದಪ್ಪನವರು ಇಡೀ ದಿನ ಊರೆಲ್ಲ ಹುಡುಕಿದರು. ಮಂಗಳವಾರ, ಅಕ್ಟೋಬರ್ 13ರಂದು, ಗಿರಣಿಗೆ ಬೀಗ ಹಾಕಿ ಹೊಸ ಪಟ್ಟಾ ತರಲು ಮೊದಲ ಬಸ್ಸಿಗೆ ಗದಗಕ್ಕೆ ಹೋದರು.

ಅದೇ ದಿನ ಹನ್ನೊಂದೂಕಾಲಿಗೆ ನಾನು ಮನೆಯಲ್ಲಿ ಹತ್ತಿ ಹಿಂಜುತ್ತಿದ್ದೆ. ನಮ್ಮ ಮನೆಯಿಂದ ಗಿರಣಿ ಅರ್ಧ ಫರ್ಲಾಂಗು. ಬಂಡಿ ಕಲ್ಲು ಸುರಿದಂತೆ ಸಪ್ಪಳವಾಯಿತು. ಓಡಿ ಹೋಗಿ ನೋಡಿದರೆ ಪಡುವಣ ಗೋಡೆ ಇಡಿಯಾಗಿ ಒಳಗೆ ಮಲಗಿತ್ತು. ಬಾಗಿಲಿಗೆ ಬೀಗ ಹಾಗೆಯೇ ಇತ್ತು. ಯಾರಿಗೂ ಏನೂ ಆಗಿರಲಿಲ್ಲ. ಎಮ್ಮೆ ಹಗ್ಗ ಹರಿದುಕೊಂಡು ದೂರ ನಿಂತಿತ್ತು. ಗುಲಾಬಬಿ ನಿಧಾನವಾಗಿ ನಡೆದು ಬಂದಳು. ತಾನು ಕುಳಿತುಕೊಳ್ಳುವ ಜಾಗದಲ್ಲಿ ಬಿದ್ದಿದ್ದ ಕಲ್ಲುಗಳನ್ನು ಬಹಳ ಹೊತ್ತು ನೋಡಿ, ಅಲ್ಲಿಯೇ ನೆಲಕ್ಕೆ ಕುಳಿತಳು. ಏಳುವಾಗ ಹಿಡಿದುಕೊಳ್ಳಲು ಏನೂ ಇಲ್ಲದ್ದರಿಂದ ನನ್ನ ಕೈ ಹಿಡಿದಳು.

ಜನ ಸೇರಿದರು. ಈಗಲಾದರೂ ನಂಬುತ್ತಾರೆ ಎಂದುಕೊಂಡೆ. ಸಾವಂತ್ರೆವ್ವ ನನ್ನನ್ನು ಕಂಡವಳೇ, "ಅಂತೂ ಕೆಡವಿದಿ ನೋಡು!" ಎಂದಳು. ನಾಲ್ಕು ಗಂಟೆಯ ಬಸ್ಸಿಗೆ ಅಂದಪ್ಪನವರು ಹೊಸ ಪಟ್ಟಾವನ್ನು ಹೆಗಲಿಗೆ ಹಾಕಿಕೊಂಡು ಇಳಿದರು. ಗೋಡೆ ನೋಡಿ ಪಟ್ಟಾ ಕೈಬಿಟ್ಟರು. ನನ್ನ ಕೊರಳಪಟ್ಟಿ ಹಿಡಿದು, "ಲೇ ಮುದುಕಾ, ನಿನ್ನ ಮಾತು ಖರೆ ಮಾಡಾಕ ನನ್ನ ಗೋಡಿ ಕೆಡವಿದ್ಯಾ?" ಎಂದು ಕೇಳಿದರು. ಆ ಸಂಜೆಯೇ ಠಾಣೆಗೆ ಬಂದು, ಗೋಡೆ ಕೆಡವಿದ್ದಕ್ಕೂ ಪಟ್ಟಾ ಕಳವಾದದ್ದಕ್ಕೂ ಸೇರಿಸಿ ದೂರು ಕೊಟ್ಟರು. ಆ ಗೋಡೆ ಒಂದೂವರೆ ಮೊಳ ದಪ್ಪ, ಎರಡಾಳೆತ್ತರ. ನಾನು ಒಂದು ಗಾದಿಯ ಹತ್ತಿ ಹಿಂಜುವಷ್ಟರಲ್ಲಿ ಎರಡು ಸಲ ದಣಿವಾರಿಸಿಕೊಳ್ಳುವವನು.

ಗೋಡೆ ಬಿದ್ದ ಖಬರು ಬಸ್ಸಿನವರಿಂದ ಮುಟ್ಟಿ, ಬುಧವಾರ ಕೊಟ್ರಪ್ಪನವರು ಬಂದರು. ಬಿದ್ದ ಮಣ್ಣನ್ನು ಕೈಯಿಂದ ಕೆದರಿದರು. ಗಾಜಿನ ತುಂಡುಗಳು ಸಿಕ್ಕವು. ಗೋಡೆಯ ಬುಡದಲ್ಲಿ, ಹಿಟ್ಟಿನ ಚೀಲದ ಹಿಂದೆ, ಹಳೆಯ ತುಂಡುಗಳ ಒಂದು ಗಂಟೂ ಸಿಕ್ಕಿತು. ಎಲ್ಲದರ ಮೇಲೂ ಒಂದೇ ತಾರೀಖು. ಅವರು ಕಲ್ಲಿನ ಮೇಲೆ ಕುಳಿತುಬಿಟ್ಟರು.

"ಎಷ್ಟು ಸಲ ಬದಲಿ ಮಾಡಿದ್ರಿ ಅಂದಪ್ಪಾರ? ಯಾವ್ಯಾವಾಗ?"

"ನೆನಪಿಲ್ರಿ."

"ಒಡದದ್ದ ಬೇಕಾಗಿತ್ರಿ ನನಗ. ಎಂದ ಒಡೀತು ಅನ್ನೂದ ನನ್ನ ಸಂಶೋಧನೆ. ಇಡೀ ವರ್ಷದ ಕೆಲಸ ಹೋತು. ಒಳಗ ಮಂದಿ ಇದ್ದಿದ್ರ?"

ಅಂದಪ್ಪನವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನೀವು ಒಪ್ಪಿಸಿ ಹೋಗಿದ್ರಿ. ಒಡದು ಹೆಂಗ ತೋರಸ್ಲಿರಿ?" ಎಂದರು.

ಕೊಟ್ರಪ್ಪನವರು ನನ್ನ ಕಡೆಗೆ ತಿರುಗಿ, "ಅಜ್ಜಾ, ನೀ ಹೇಳಿದ್ದಿ" ಎಂದರು. ಆಗ ನನಗೆ ಒಂದೂ ತಮಾಷೆ ಹೊಳೆಯಲಿಲ್ಲ. ಏಳು ವಾರ ಹೇಳಿದ್ದೆ. ಹೇಳಿ ಹೇಳಿ ನಾಲಿಗೆ ಹತ್ತಿಯಾಗಿತ್ತು.

ಗೋಡೆಯ ದೂರನ್ನು ಹಿಂದಕ್ಕೆ ಪಡೆಯುತ್ತೇನೆ ಎಂದು ಅಂದಪ್ಪನವರು ಅಲ್ಲಿಯೇ ಹೇಳಿದರು. ಆದರೆ, "ಗೋಡಿ ಎರಿ ಮಣ್ಣು ಕೆಡವಿತು, ಆತು. ಪಟ್ಟಾ ಯಾರು ಒಯ್ದ್ರು? ಅದನ್ನೂ ಎರಿ ಮಣ್ಣ ನುಂಗೀತೇನು?" ಎಂದು ಕೇಳಿ, ಕಳವಿನ ದೂರು ಮಾತ್ರ ಇರಲಿ ಎಂದರು. ಹೀಗಾಗಿ ಈ ದಿನ ನನ್ನನ್ನು ಕರೆಸಲಾಗಿದೆ.

ಇಲ್ಲಿಯವರೆಗೆ ಬರೆದದ್ದನ್ನು ಹುಲಗಪ್ಪನವರು ನನಗೆ ಓದಿ ಹೇಳಿದರು. ಬಿಟ್ಟದ್ದು ಏನಾದರೂ ಇದೆಯೇ ಎಂದು ಕೇಳಿದರು. ಇದೆ ಎಂದೆ.

ಗೋಡೆಯನ್ನು ನಾನು ಮುಟ್ಟಿಲ್ಲ. ಗಾಜು ಒಡೆದಿಲ್ಲ. ಪಟ್ಟಾ ಒಯ್ದವನು ನಾನು. ಭಾನುವಾರ ಸಂಜೆ ಇಂಜಿನು ನಿಂತ ಮೇಲೆ, ಅಂದಪ್ಪನವರು ಪಟ್ಟಾ ಬಿಚ್ಚಿ ಗೂಟಕ್ಕೆ ಹಾಕಿ ಕೈಕಾಲು ತೊಳೆಯಲು ಹೋದಾಗ, ಅದನ್ನು ಹತ್ತಿಯ ಗಂಟಿನೊಳಗೆ ಸುತ್ತಿ ತಲೆಯ ಮೇಲೆ ಇಟ್ಟುಕೊಂಡೆ. ಬಾಗಿಲಲ್ಲಿ ಎದುರಾದ ಅಂದಪ್ಪನವರು ಏನು ಹೊತ್ತಿದ್ದೀ ಎಂದು ಕೇಳಿದರು. "ನಿನ್ನ ನಿದ್ದಿ ಹೊತ್ತೀನಪಾ" ಎಂದೆ. ಸುಳ್ಳಲ್ಲ. ಅವರ ಹೆಂಡತಿ ಉಡಚವ್ವ ಹಿಂಜಿ ತುಂಬಿಕೊಡಲು ಕಳಿಸಿದ್ದ ಗಾದಿಯ ಹತ್ತಿ ಅದು. ಸೋಮವಾರ ಮುಂಜಾನೆ ಗಾದಿ ಹೊಲಿದು ಅವರ ಮನೆಗೆ ಮುಟ್ಟಿಸಿದೆ. ಈ ಸಲ ಗಾದಿ ಗಟ್ಟಿಯಾಗಿ ಬಂದಿದೆ ಎಂದು ಉಡಚವ್ವ ಹೊಗಳಿದಳು. ಅಂದಪ್ಪನವರು ಮೂರು ರಾತ್ರಿಯಿಂದ ಪಟ್ಟಾದ ಮೇಲೆಯೇ ಮಲಗುತ್ತಿದ್ದಾರೆ. ಕಾಲಿನ ಕಡೆಯ ಹೊಲಿಗೆ ಬಿಚ್ಚಿದರೆ ಸಿಗುತ್ತದೆ, ಹತ್ತಿಯೂ ಕೆಡುವುದಿಲ್ಲ.

ಮೇಲೆ ಇರುವುದನ್ನೆಲ್ಲ ನಾನೇ ಹೇಳಿ ಬರೆಸಿದ್ದೇನೆ. ಯಾರೂ ಹೆದರಿಸಿಲ್ಲ. ಇದರಲ್ಲಿ ತಮಾಷೆಯ ಮಾತು ಇರಬಹುದು, ಸುಳ್ಳಿನ ಮಾತು ಇಲ್ಲ.

ಸ್ಥಳ: ಮುಂಡರಗಿ
ತಾರೀಖು: 15-10-1981
ನಬಿಸಾಬ ಮೌಲಾಸಾಬ ನದಾಫ, ಇವರ ಎಡಗೈ ಹೆಬ್ಬೆಟ್ಟಿನ ಗುರುತು