ಕಾರಂಜಿಯಲ್ಲಿ ನಕ್ಕವಳು

ದೀಪ ಸ್ವಲ್ಪ ತಗ್ಗಿಸಿ... ಹಾಂ. ಇದು ನಮ್ಮ ಚಿಕ್ಕಮ್ಮ ಓಪಲ್ ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ಲಾಸ್ ಏಂಜಲೀಸಿನಲ್ಲಿ ಅವಳು ನಡೆಸುತ್ತಿದ್ದ ಬಾಡಿಗೆ ಮನೆಯ ಮಹಡಿಯಲ್ಲೇ ಮರ್ಟಲ್ ಇದ್ದದ್ದು.

ಮರ್ಟಲ್ ಸ್ಟುಡಿಯೋದಲ್ಲಿ ಫಿಲಂ ಕತ್ತರಿಸಿ ಅಂಟಿಸುವವಳು. ಮಹಡಿ ಕೋಣೆಯಲ್ಲಿ ಅವಳ ಜೊತೆ ಇನೆಜ್ ಅನ್ನೋ ನಟಿಯೂ ಇದ್ದಳು. ರಾತ್ರಿ ಮಲಗೋ ಮುಂಚೆ ಇನೆಜ್ ಮರ್ಟಲ್‌ನ ಕೂದಲನ್ನ ಒದ್ದೆ ಮಾಡಿ, ಸುರುಳಿ ಸುತ್ತಿ ಪಿನ್ನು ಹಾಕೋಳು. ಆಗಿನ ಚಿತ್ರಗಳಿಗೆ ಯಾರ ಅಂಕೆಯೂ ಇರಲಿಲ್ಲ. ಹೆಂಗಸರು ಗಂಡನ್ನ ಬಿಟ್ಟು ಹೋಗೋರು, ಕುಡಿಯೋರು, ಕೊನೇತನಕ ಶಿಕ್ಷೆಯಿಲ್ಲದೆ ನಗ್ತಾನೇ ಇರೋರು. ಒಂದು ಚಿತ್ರದಲ್ಲಿ ಇನೆಜ್ ತೆಳು ರೇಷ್ಮೆ ಉಟ್ಟು ಕಾರಂಜಿಯಲ್ಲಿ ಮೀಯಬೇಕು. ಜನವರಿ ಚಳಿ. ನಿರ್ದೇಶಕ ಮತ್ತೆ ಮತ್ತೆ ನೀರಿಗಿಳಿಸಿದ. ಎದೆಗೆ ಶೀತ ಕಟ್ಟಿ, ಚಿತ್ರ ತೆರೆಗೆ ಬರೋ ಮೊದಲೇ ಅವಳು ತೀರಿಹೋದಳು. ಮಾಡಿದ್ದು ಅದೊಂದೇ ಪಾತ್ರ. ಗೆಳತಿ ನಗ್ತಾ ನೀರಿಂದ ಏಳೋದನ್ನ ನೋಡೋಕೆ ಮರ್ಟಲ್ ಭಾನುವಾರ ಭಾನುವಾರ ಥಿಯೇಟರಿಗೆ ಹೋಗೋಳು.

ಸಾವಿರದ ಒಂಬೈನೂರ ಮೂವತ್ನಾಲ್ಕರಲ್ಲಿ, ಚಿತ್ರಗಳಲ್ಲಿ ಏನೇನು ತೋರಿಸಬಾರದು ಅಂತ ಕಟ್ಟುನಿಟ್ಟಿನ ಹೊಸ ನಿಯಮ ಬಂತು. ಆ ಚಿತ್ರ ಮತ್ತೆ ಬಿಡುಗಡೆಯಾಗಬೇಕಾದರೆ ಕಾರಂಜಿಯ ದೃಶ್ಯ ಇರಕೂಡದು. ಮೂಲ ಪ್ರತಿಯಿಂದಲೇ ತೆಗೆದು ಸುಡು ಅಂತ ಮೇಲಿನವನು ಮರ್ಟಲ್‌ಗೇ ಹೇಳಿದ. ಒಂದು ತುಂಡಾದರೂ ಇಟ್ಕೊಳ್ಳಲಾ ಅಂತ ಕೇಳಿದಳು. ಕೆಲಸ ಬೇಕೋ ಬೇಡವೋ ಅಂದ.

ಕತ್ತರಿ ಕಚಕ್ ಅಂತು. ಸ್ಟುಡಿಯೋ ಹಿತ್ತಿಲ ಡಬ್ಬದಲ್ಲಿ ಫಿಲಂ ಸುರುಳಿ ಭುಸ್ ಅಂತ ಒಮ್ಮೆಗೇ ಹತ್ತಿ, ಉರಿದುಹೋಯ್ತು.

ಆವತ್ತು ರಾತ್ರಿ ತಡವಾಗಿ ಮರ್ಟಲ್ ಒಬ್ಬಳೇ ಮನೆಗೆ ನಡೆದು ಬರ್ತಿದ್ದಳು. ನೆಲದಿಂದ ಪೆಟ್ರೋಲಿಯಂ ಎತ್ತೋ ಎಣ್ಣೆ ಬಾವಿಗಳನ್ನ ದಾಟಿದರೆ ಆಲದ ಹಾಗೆ ಬಿಳಲು ಬಿಟ್ಟ ದೊಡ್ಡ ಅತ್ತಿಮರ. ಬಾವಿಯ ಪಂಪು ಕಿರ್ರ್... ಧಡ್. ಕಿರ್ರ್... ಧಡ್. ಮರದ ಕೆಳಗೆ ಬರುವಾಗ ಅದು ನಿಂತಿತು.

ಹಿಂದೆ ಬೇರೆ ಸದ್ದು. ತೊಟ್... ತೊಟ್... ಒದ್ದೆ ಬಟ್ಟೆಯಿಂದ ನೀರು ಒಣ ಎಲೆ ಮೇಲೆ ಬೀಳೋ ಸದ್ದು. ಆಗಸ್ಟ್ ತಿಂಗಳು. ಮಳೆಯ ಸುಳಿವೇ ಇರಲಿಲ್ಲ.

"ಮರ್ಟಲ್..."

ತಿರುಗಿ ನೋಡಲಿಲ್ಲ. "ಇನೆಜ್?"

"ಆ ಸುರುಳಿಯಲ್ಲೇ ಇದ್ನಲ್ಲೇ... ಇನ್ನು ಎಲ್ಲಿರ್ಲಿ?"

ಓಡಬಹುದಿತ್ತು. ಸುಟ್ಟದ್ದು ತನ್ನ ಕೈಯೇ ಅಲ್ವಾ ಅನ್ನಿಸಿತಂತೆ. "ರೂಮಿಗೆ ಬಾ," ಅಂದಳು.

ಬೆಳಗ್ಗೆ ಕಾಫಿ ಮುಂದೆ ಕೂತು ಇಷ್ಟನ್ನೂ ಚಿಕ್ಕಮ್ಮನಿಗೆ ಹೇಳಿದವಳು ಮರ್ಟಲೇ. ಹೇಳುವಾಗಲೇ ಕೆಮ್ಮು. ಆ ಕೋಣೆ ಬಿಟ್ಟು ಕೆಳಗೆ ಬಂದು ಮಲಗು ಅಂತ ಚಿಕ್ಕಮ್ಮ ಬೇಡಿಕೊಂಡಳು.

"ಅವಳನ್ನ ಇನ್ನೊಂದ್ಸಲ ಹೊರಗೆ ಹಾಕಲಾರೆ ಓಪಲ್," ಅಂದಳು.

ಆಮೇಲೆ ರಾತ್ರಿ ಹೊತ್ತು ಮಹಡಿಯಲ್ಲಿ ಎರಡು ಕೆಮ್ಮು ಕೇಳೋದು. ಒಂದು ಮುಗಿದ ಮೇಲೆ... ಇನ್ನೊಂದು. ಮರ್ಟಲ್ ಹಾಸಿಗೆ ಹಿಡಿದಳು. ಚಮಚ ಎತ್ತೋಕೂ ಆಗದೆ ಚಿಕ್ಕಮ್ಮನೇ ಗಂಜಿ ಕುಡಿಸೋಳು. ಒಂದು ಬೆಳಗ್ಗೆ ಯಾವ ಕೆಮ್ಮೂ ಕೇಳಲಿಲ್ಲ. ಬಾಗಿಲು ತೆರೆದು ನೋಡಿದರೆ ಜೀವ ಹೋಗಿತ್ತು. ಡಾಕ್ಟರು ಬಂದು ನ್ಯುಮೋನಿಯಾ ಅಂದರು. ಅಂಥ ಸೆಖೆಯಲ್ಲಿ.

ಹೆಣದ ಮೈ ತೊಳೆದದ್ದು ನಮ್ಮ ಚಿಕ್ಕಮ್ಮ. ಸುಳ್ಳು ಹೇಳುವ ಹೆಂಗಸಲ್ಲ ಅವಳು. ಮರ್ಟಲ್‌ನ ಕೂದಲನ್ನ ಯಾರೋ ಆಗ ತಾನೇ ಒದ್ದೆ ಮಾಡಿ, ಸುರುಳಿ ಸುತ್ತಿ, ಹಿಂಗತ್ತಿನವರೆಗೂ ಸಾಲಾಗಿ ಪಿನ್ನು ಹಾಕಿದ್ದರು.